ಅರ್ಜಿ ಎಲ್ಲಿಗೆ ಬಂತು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಬತ್ತ ಬೆಳೆಯುವ ಸಿಂಧನೂರಿನ ಸೀಮೆಯಲ್ಲಿ ರೈತನೊಬ್ಬ ಎರಡೆಕರೆ ಗದ್ದೆಯನ್ನು ಕ್ರಯಕ್ಕೆ ಕೊಂಡನೆಂದು ಭಾವಿಸಿ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಣಿಯಾಯಿತು, ಹಣ ಸಲ್ಲಿತು, ಮನೆಯಲ್ಲಿ ಪಾಯಸದೂಟವೂ ಆಯಿತು. ಆದರೆ ಪಹಣಿಯಲ್ಲಿ ಇನ್ನೂ ಹಳೆಯ ಒಡೆಯನ ಹೆಸರೇ ಇದೆ. ಅದು ಬದಲಾಗದೆ ಬೆಳೆಸಾಲ ಹುಟ್ಟದು. ನಾಟಿಯ ಹದವಾದರೋ ಕಚೇರಿಯ ಕೆಲಸ ಮುಗಿಯುವವರೆಗೆ ನಿಲ್ಲತಕ್ಕದ್ದಲ್ಲ.

ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಿರುಗಿಸುವ ಉಪಾಯ ನಮ್ಮ ಜನರಿಗೆ ತಿಳಿದದ್ದೇ. ಕಚೇರಿಯ ಬಾಗಿಲಲ್ಲಿ ಆ ಮಾತು ಕೇಳಿ ಹಿಂದಿರುಗಿದವರು ಮಾತ್ರ ಮನುಷ್ಯರು. ಅರ್ಜಿ ಯಾರ ಮೇಜಿನ ಮೇಲಿದೆಯೆಂಬುದು ಅರ್ಜಿದಾರನಿಗೆ ತಿಳಿಯದಿದ್ದುದೇ ಇದಕ್ಕೆ ಮೂಲಕಾರಣ.

ಇಂದು ಕರ್ನಾಟಕದಲ್ಲಿ ನೋಂದಣಿಗೆ ‘ಕಾವೇರಿ’, ಪಹಣಿಗೆ ‘ಭೂಮಿ’, ಅಳತೆಯ ನಕ್ಷೆಗೆ ‘ಮೋಜಿಣಿ’ ಎಂಬ ಬೇರೆ ಬೇರೆ ತಂತ್ರಾಂಶಗಳುಂಟು. ಒಂದರ ಮಾತು ಇನ್ನೊಂದಕ್ಕೆ ಮುಟ್ಟಬೇಕಾದರೆ ನಡುವೆ ದೂತನೊಬ್ಬ ಬೇಕಷ್ಟೆ. ಆ ದೂತಕಾರ್ಯವನ್ನು ಮಾಡುವ ತಂತ್ರಾಂಶಕ್ಕೆ ಬಲ್ಲವರು ‘ಮಿಡ್ಲ್‌ವೇರ್’ ಎನ್ನುತ್ತಾರೆ. ಕ್ರಯಪತ್ರ ನೋಂದಣಿಯಾದೊಡನೆ ‘ಜೆ’ ಚೀಟಿಯೆಂಬ ವರದಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಬಳಿಕ ನೋಟಿಸು, ತಕರಾರಿಗೆ ಅವಕಾಶ, ಕಂದಾಯ ನಿರೀಕ್ಷಕರ ಆದೇಶ, ಕಡೆಗೆ ಪಹಣಿಯಲ್ಲಿ ಹೊಸ ಹೆಸರು.

ನಿಯಮವೊಂದೇ ಆದರೂ ಅರ್ಜಿಗಳು ಸಾವಿರ. ಒಂದೊಂದರ ಪಯಣವೂ ಬೇರೆ. ಆದುದರಿಂದ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಪ್ರತಿ ಗಳಿಗೆಯಲ್ಲೂ ಒಂದು ಸ್ಥಿತಿ ಇರಬೇಕು: ದಾಖಲಾಗಿದೆ, ನಡೆಯುತ್ತಿದೆ, ತಡೆದು ನಿಂತಿದೆ, ಕೆಟ್ಟು ನಿಂತಿದೆ, ತಿರಸ್ಕೃತವಾಗಿದೆ, ಪೂರ್ಣಗೊಂಡಿದೆ. ತಕರಾರು ಬಂದು ತಡೆದು ನಿಂತದ್ದು ಒಂದು; ಚೀಟಿ ದಾರಿಯಲ್ಲಿ ಸಿಕ್ಕಿಬಿದ್ದು ಕೆಟ್ಟು ನಿಂತದ್ದು ಇನ್ನೊಂದು. ಮೊದಲನೆಯದಕ್ಕೆ ವಿಚಾರಣೆ ಬೇಕು; ಎರಡನೆಯದಕ್ಕೆ ಚೀಟಿಯನ್ನು ಮತ್ತೆ ಕಳುಹಿಸಿದರೆ ಸಾಕು. ಆದರೆ ಮೊದಲಿನ ಚೀಟಿ ಮುಟ್ಟಿತೋ ಇಲ್ಲವೋ ಎಂದು ನೋಡದೆ ಕಳುಹಿಸಿದರೆ ಒಂದೇ ಕ್ರಯ ಎರಡು ಬಾರಿ ದಾಖಲಾಗುವ ಭಯವುಂಟು. ಎರಡಕ್ಕೂ ‘ಬಾಕಿ’ ಎಂಬ ಒಂದೇ ಹೆಸರಿಟ್ಟರೆ ರೋಗವೂ ತಿಳಿಯದು, ಮದ್ದೂ ತಿಳಿಯದು.

‘ವಿಲೇವಾರಿಯಾಗಿದೆ’ ಎಂಬ ಮಾತು ಇನ್ನೂ ಅಪಾಯಕಾರಿ. ಮಂಜೂರಾದದ್ದೂ ವಿಲೇವಾರಿಯೇ, ತಿರಸ್ಕೃತವಾದದ್ದೂ ವಿಲೇವಾರಿಯೇ. ಗಂಡನ ಹೊಲಕ್ಕೆ ಪೌತಿ ಖಾತೆ ಕೇಳಿದ ವಿಧವೆಯೊಬ್ಬಳು ಈ ಮಾತನ್ನು ಓದಿ ಕೆಲಸವಾಯಿತೆಂದು ನಂಬಿ ಕುಳಿತರೆ, ಲಿಂಗಸುಗೂರಿನ ಸಹಾಯಕ ಆಯುಕ್ತರಲ್ಲಿ ಮೇಲ್ಮನವಿ ಸಲ್ಲಿಸುವ ಅವಧಿ ಅಷ್ಟರಲ್ಲಿ ಕಳೆದುಹೋದೀತು.

ಮಸ್ಕಿಯಂಥ ಹೊಸ ತಾಲ್ಲೂಕಿನಲ್ಲಿ ಈ ಎಚ್ಚರ ಮತ್ತಷ್ಟು ಅಗತ್ಯ. ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ೪೯ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ತಾಲ್ಲೂಕು ಒಡೆದಾಗ ಮುಗಿದ ಕಡತವನ್ನು ಸಾಗಿಸುವುದು ಸುಲಭ; ಅರ್ಧದಾರಿಯಲ್ಲಿರುವ ಅರ್ಜಿಯನ್ನು ಸಾಗಿಸುವುದು ಕಷ್ಟ. ಅದು ಯಾವ ಹಂತದಲ್ಲಿತ್ತು, ಎಂದಿನಿಂದ ಇತ್ತು ಎಂಬುದೂ ಜೊತೆಗೇ ಹೋಗಬೇಕು. ಇಲ್ಲವಾದರೆ ಅರ್ಜಿದಾರ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಸ್ಥಿತಿ ತಿಳಿದ ಮೇಲೆಯೇ ಕಾಯುವಿಕೆಗೂ ಲೆಕ್ಕ ಹುಟ್ಟುತ್ತದೆ. ೨೦೧೧ರ ಸಕಾಲ ಅಧಿನಿಯಮದಂತೆ, ೨೦೧೨ರ ಏಪ್ರಿಲ್ ೨ರಂದು ರಾಜ್ಯಾದ್ಯಂತ ಆರಂಭವಾದ ಏರ್ಪಾಡಿನಲ್ಲಿ ಅರ್ಜಿಗೆ ೧೫ ಅಂಕಿಗಳ ಸಂಖ್ಯೆಯೊಂದು ದೊರೆಯುತ್ತದೆ. ಗೊತ್ತುಪಡಿಸಿದ ಅವಧಿ ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದಂತೆ, ಪರಿಹಾರ ಕೇಳಬಹುದು. ಹಣ ಅಲ್ಪವೇ ಸರಿ. ವಿಳಂಬಕ್ಕೆ ಉತ್ತರ ಕೊಡಬೇಕಾದವರು ಉಂಟೆಂಬ ತತ್ತ್ವ ಮಾತ್ರ ಅಲ್ಪವಲ್ಲ.

ಪಟ್ಟಣದಲ್ಲಿದ್ದು ಊರಿನಲ್ಲಿ ತುಂಡು ಹೊಲ ಉಳಿಸಿಕೊಂಡಿರುವ ಕುಟುಂಬಗಳು ಸಂಖ್ಯೆಯ ಚೀಟಿಯನ್ನು ಜೋಪಾನವಾಗಿಡಲಿ. ‘ಕೆಲಸ ಆಯಿತೆ?’ ಎಂದು ಕೇಳುವುದಕ್ಕಿಂತ ‘ಯಾವ ಹಂತದಲ್ಲಿದೆ, ಯಾರ ಬಳಿ ಇದೆ, ಎಂದಿನಿಂದ ಇದೆ?’ ಎಂದು ಕೇಳಲಿ. ಈ ಮೂರು ಪ್ರಶ್ನೆಗಳಿಗೆ ‘ನಾಳೆ ಬಾ’ ಎಂಬುದು ಉತ್ತರವಾಗಲಾರದು.