ಪುಕ್ಕಟೆ ಸುರಂಗದ ಬಾಡಿಗೆ ಕಟ್ಟುವವರು ಯಾರು?

ಸಂಜೆ ಹೊತ್ತು ನಮ್ಮ ಕಚೇರಿಗೆ ಬಂದು ಪತ್ರಿಕೆ ಮಡಿಸಲು ನೆರವಾಗುವ ತರುಣರೊಬ್ಬರು ಹೋದ ತಿಂಗಳು ಒಂದು ಪ್ರಶ್ನೆ ತಂದರು. ಗುತ್ತಿಗೆ ಪೌರಕಾರ್ಮಿಕರ ಹಾಜರಿ ಹಾಳೆ, ಸಂಬಳದ ಚೀಟಿ ಎಲ್ಲ ಸೇರಿ ಇನ್ನೂರಕ್ಕೂ ಮಿಕ್ಕ ಪುಟಗಳ ಚಿತ್ರ ತೆಗೆದು ತಮ್ಮ ಹಳೆಯ ಲಿನಕ್ಸ್ ಯಂತ್ರದಲ್ಲಿ ಇಟ್ಟಿದ್ದರು. ಕಾಗದದ ಮೇಲಿನ ಕೂಲಿಗೂ ಕೈಗೆ ಬಂದ ಕೂಲಿಗೂ ಇರುವ ಅಂತರ ಆ ಪುಟಗಳಲ್ಲಿದೆ. ಅವು ಬೆಂಗಳೂರಿನ ವಕೀಲರಿಗೆ ಮುಟ್ಟಬೇಕು. ನಡುವೆ ಯಾರ ಕಣ್ಣಿಗೂ ಬೀಳಕೂಡದು. ಬಿದ್ದರೆ ಚೀಟಿ ಕೊಟ್ಟ ಹೆಂಗಸರಿಗೆ ಮರುದಿನ ಕೆಲಸವಿಲ್ಲ. “ಸಾರ್, ಫೈಲು ಕಳಿಸೋಕೆ ಲಿನಕ್ಸ್‌ನಲ್ಲಿ ನಡೆಯೋ ಪುಕ್ಕಟೆ ವಿಪಿಎನ್ ಯಾವುದಾದರೂ ಇದ್ದರೆ ಹೇಳಿ” ಎಂದರು.

ನಾವು ಮೊದಲು ಕೊಟ್ಟ ಉತ್ತರ, “ಯಾವುದಾದರೊಂದನ್ನು ಹಾಕಿಕೊಳ್ಳಪ್ಪ” ಎಂಬುದು. ಅದು ತಪ್ಪು ಉತ್ತರ. ತಪ್ಪನ್ನು ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇವೆ.

ವಿಪಿಎನ್ ಎಂದರೆ ಮುಚ್ಚಿದ ಸುರಂಗ. ನಮ್ಮ ಯಂತ್ರದಿಂದ ದೂರದ ಇನ್ನೊಂದು ಯಂತ್ರದವರೆಗೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ. ಇಂಟರ್‌ನೆಟ್ ಸಂಪರ್ಕ ಕೊಟ್ಟ ಕಂಪನಿಗೆ ಸುರಂಗದ ಬಾಯಿ ಮಾತ್ರ ಕಾಣುತ್ತದೆ. ಸರಿ, ಆದರೆ ಆ ಕಡೆಯ ಬಾಯಿಯಲ್ಲಿ ಕುಳಿತವನಾರು? ನೀವು ಎಲ್ಲಿಗೆ ಹೋದಿರಿ, ಎಷ್ಟು ಹೊತ್ತು ಇದ್ದಿರಿ, ಎಷ್ಟು ಹೊರೆ ಸಾಗಿಸಿದಿರಿ ಎಂಬುದೆಲ್ಲ ಅವನಿಗೆ ಕಾಣುತ್ತದೆ. ಹೊರೆಗೆ ಬೇರೆ ಬೀಗ ಹಾಕಿರದಿದ್ದರೆ ಒಳಗಿರುವುದೂ ಕಾಣುತ್ತದೆ. ಕಾವಲುಗಾರ ಬದಲಾದನೇ ಹೊರತು ಕಾವಲು ತಪ್ಪಲಿಲ್ಲ.

ಇನ್ನು ಆ ದೂರದ ಯಂತ್ರಕ್ಕೆ ವಿದ್ಯುತ್ತು ಬೇಕು, ಬಾಡಿಗೆ ಬೇಕು, ಸಾಗುವ ಪ್ರತಿಯೊಂದು ಫೈಲಿಗೂ ಜಾಲದ ವೆಚ್ಚ ತಗಲುತ್ತದೆ. ಫೈಲು ಹಂಚಿಕೆಯಂತೂ ಎಲ್ಲಕ್ಕಿಂತ ಭಾರದ ಹೊರೆ. ಇದನ್ನೆಲ್ಲ ಲೋಕಕ್ಕೆ ಪುಕ್ಕಟೆ ಕೊಡುತ್ತೇವೆಂದು ಮುಂದೆ ಬರುವ ಪುಣ್ಯಾತ್ಮರು ಯಾರು? ಬಂಡವಾಳ ಎಂದಿನಿಂದ ಅನ್ನಛತ್ರ ನಡೆಸತೊಡಗಿತು?

ಹೊಲಾ ಎಂಬ ಇಸ್ರೇಲಿನ ಕಂಪನಿಯ ಕಥೆ ಕೇಳಿ. ಕೋಟಿಗಟ್ಟಲೆ ಜನ ಅದರ ಪುಕ್ಕಟೆ ಸೇವೆ ಬಳಸುತ್ತಿದ್ದರು. 2015ರಲ್ಲಿ ಗುಟ್ಟು ಹೊರಬಿತ್ತು. ಆ ಬಳಕೆದಾರರ ಮನೆಯ ಸಂಪರ್ಕಗಳನ್ನೇ ಅದು ಲುಮಿನಾಟಿ ಎಂಬ ಹೆಸರಿನಲ್ಲಿ ಇತರರಿಗೆ ಹಣಕ್ಕೆ ಮಾರುತ್ತಿತ್ತು. ಅಂದರೆ ಯಾರೋ ಅಪರಿಚಿತನು ನಿಮ್ಮ ಮನೆಯ ವಿಳಾಸ ಹೊತ್ತು ಲೋಕದಲ್ಲಿ ಓಡಾಡುತ್ತಾನೆ. ಅವನು ಗಲಭೆ ಮಾಡಿದರೆ ಪೊಲೀಸರು ನಿಮ್ಮ ಬಾಗಿಲು ತಟ್ಟುತ್ತಾರೆ.

ಫೇಸ್‌ಬುಕ್ಕಿನ ದಾನಶೂರತೆ ಇದಕ್ಕಿಂತ ದೊಡ್ಡದು. 2013ರಲ್ಲಿ ಅದು ಒನಾವೊ ಎಂಬ ಕಂಪನಿಯನ್ನು ಕೊಂಡು, ನಿಮ್ಮ ರಕ್ಷಣೆಗೆಂದು ಪುಕ್ಕಟೆ ವಿಪಿಎನ್ ಹಂಚಿತು. ರಕ್ಷಣೆಯ ಹೆಸರಿನಲ್ಲಿ ನಡೆದದ್ದೇನು? ಜನ ಯಾವ ಆ್ಯಪ್ ತೆರೆಯುತ್ತಾರೆ, ಎಷ್ಟು ಹೊತ್ತು ಅದರಲ್ಲಿರುತ್ತಾರೆ ಎಂಬ ಲೆಕ್ಕ. ಆ ಲೆಕ್ಕ ಹಿಡಿದು ಪ್ರತಿಸ್ಪರ್ಧಿಗಳ ಬೆಳವಣಿಗೆಯನ್ನು ಅಳೆದರು. ವಾಟ್ಸಾಪ್ ಎಷ್ಟು ಬೆಳೆಯುತ್ತಿದೆ ಎಂದು ನೋಡಿದ್ದೂ ಅದರಲ್ಲೇ. 2018ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಆ ಕಾಗದಗಳನ್ನು ಬಯಲಿಗಿಟ್ಟಿತು. 2019ರಲ್ಲಿ ಅಂಗಡಿ ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ, ಜನರಿಗೆ ನಿಜ ತಿಳಿಸಲಿಲ್ಲವೆಂದು ಎರಡು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಆ ಕಂಪನಿಗೆ ಅದು ಎಲೆ ಅಡಿಕೆಯ ಕಾಸು.

ಕೊಳಗ ಯಾರ ಕೈಯಲ್ಲಿದೆಯೋ ಗೇಣಿಯೂ ಅವನದೇ ಲೆಕ್ಕ. ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಕ್ಕಟೆ ಕೊಡುವವರೆಲ್ಲರೂ ಕಳ್ಳರೆಂದು ನಾವು ಹೇಳುತ್ತಿಲ್ಲ. ಸ್ವಿಟ್ಜರ್‌ಲೆಂಡಿನ ಪ್ರೋಟಾನ್ ಸಂಸ್ಥೆ ಲಿನಕ್ಸಿಗೂ ಪುಕ್ಕಟೆ ವಿಪಿಎನ್ ಕೊಡುತ್ತದೆ. ಹಣ ಕಟ್ಟುವ ಗಿರಾಕಿಗಳ ದುಡ್ಡಿನಲ್ಲಿ ಅದು ನಡೆಯುತ್ತದೆಂದು ಬಾಯಿಬಿಟ್ಟು ಹೇಳುತ್ತದೆ. ಆದರೆ ಟೊರೆಂಟಿನಂಥ ಫೈಲು ಹಂಚಿಕೆಗೆ ಆ ಪುಕ್ಕಟೆ ಬಾಗಿಲು ಮುಚ್ಚಿದೆ. ವೆಚ್ಚ ಎಲ್ಲಿ ಬೀಳುತ್ತದೆಂದು ಬಲ್ಲವನ ಲೆಕ್ಕ ಅದು, ಅದರಲ್ಲಿ ಮೋಸವಿಲ್ಲ. ಪುಕ್ಕಟೆಯೂ ಹೌದು, ಮಿತಿಯೂ ಇಲ್ಲ, ಎಷ್ಟು ಬೇಕಾದರೂ ಹೊತ್ತು ಸಾಗಿಸಿ ಎನ್ನುವವನನ್ನು ಕಂಡಾಗಲೇ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಲಿನಕ್ಸ್ ಬಳಗದವರಿಗೆ ಒಂದು ಕಟುಮಾತು. 1991ರಿಂದ ಸಾವಿರಾರು ಜನ ಸೇರಿ ಕಟ್ಟಿದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ ನಿಮ್ಮ ಕೈಯಲ್ಲಿದೆ. ಅದರ ಮೇಲೆ ಯಾರೋ ಕಂಡರಿಯದವನ ಅನುಸ್ಥಾಪನಾ ಸ್ಕ್ರಿಪ್ಟನ್ನು, ಅದೂ ರೂಟ್ ಅಧಿಕಾರ ಕೊಟ್ಟು, ಒಂದು ಸಾಲೂ ಓದದೆ ಓಡಿಸುತ್ತೀರಲ್ಲ! ಮನೆಗೆ ಗಟ್ಟಿ ಬಾಗಿಲು ಕೂರಿಸಿ ಬೀಗದ ಕೈಯನ್ನು ದಾರಿಹೋಕನ ಕೈಗಿಟ್ಟಂತಾಯಿತು. ಸುರಂಗ ತೋಡುವ ಹಾರೆ ಪಿಕಾಸಿ ನಿಮ್ಮ ಮನೆಯಲ್ಲೇ ಇದೆ. ಜೇಸನ್ ಡೊನೆನ್‌ಫೆಲ್ಡ್ ಎಂಬವರು ಬರೆದ ವೈರ್‌ಗಾರ್ಡ್ 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲ್ಲಿನ 5.6ನೆಯ ಆವೃತ್ತಿಯೊಳಗೇ ಸೇರಿತು. ಸುಮಾರು ನಾಲ್ಕು ಸಾವಿರ ಸಾಲು, ಅಷ್ಟೆ. ಒಬ್ಬ ಮನುಷ್ಯ ಕುಳಿತು ಓದಿ ಮುಗಿಸಬಹುದು. ಉಪಕರಣ ನಿಜಕ್ಕೂ ಪುಕ್ಕಟೆ. ದುಡ್ಡು ಬೇಕಾಗುವುದು ಆ ಕೊನೆಯ ಯಂತ್ರಕ್ಕೆ ಮಾತ್ರ. ಹತ್ತು ಜನ ಕೂಡಿ ವಂತಿಗೆ ಹಾಕಿದರೆ ಅದೂ ದೊಡ್ಡ ಹೊರೆಯಲ್ಲ.

ಇಷ್ಟಕ್ಕೂ ಡೆಬಿಯನ್, ಉಬುಂಟುಗಳನ್ನು ಟೊರೆಂಟಿನಲ್ಲಿ ತರಿಸಿಕೊಳ್ಳಲು ಯಾವ ಸುರಂಗವೂ ಬೇಕಿಲ್ಲ. ಅವುಗಳ ತಯಾರಕರೇ ಹಾಗೆ ಹಂಚುತ್ತಾರೆ. ಹಂಚಿಕೊಳ್ಳುವುದೇ ಕಳ್ಳತನವೆಂಬ ಮಾತನ್ನು ಯಾರು ಹುಟ್ಟಿಸಿದರೋ!

ಸರ್ಕಾರದ ಧೋರಣೆ ಏನು? 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ನಡೆಸುವವರು ಗಿರಾಕಿಯ ಹೆಸರು, ವಿಳಾಸ, ಫೋನು, ಬಳಕೆಯ ಉದ್ದೇಶ ಎಲ್ಲವನ್ನೂ ಬರೆದಿಟ್ಟು, ಗಿರಾಕಿ ಬಿಟ್ಟುಹೋದ ಮೇಲೂ ಐದು ವರ್ಷ ಕಾಪಾಡಬೇಕಂತೆ. ಹಲವು ಕಂಪನಿಗಳು ತಮ್ಮ ಯಂತ್ರಗಳನ್ನೇ ಭಾರತದಿಂದ ಎತ್ತಿಕೊಂಡು ಹೋದವು. ನಿರ್ದೇಶನದ ಬಗ್ಗೆ ಒಂದು ವಿವರಣೆಯೂ ಬಂದಿತ್ತು. ಕಂಪನಿಗಳು ತಮ್ಮ ನೌಕರರಿಗಾಗಿ ಇಟ್ಟುಕೊಂಡ ವಿಪಿಎನ್‌ಗಳಿಗೆ ಈ ನಿಯಮವಿಲ್ಲ. ಸಾಮಾನ್ಯ ಜನರಿಗೆ ಸೇವೆ ಮಾರುವವರಿಗೆ ಮಾತ್ರ. ನಾವು ಕೇಳುತ್ತೇವೆ: ಕಂಪನಿಯ ಗುಟ್ಟಿಗೆ ಇರುವ ಮಾನ ಕೂಲಿಯವಳ ಸಂಬಳದ ಚೀಟಿಗೆ ಏಕಿಲ್ಲ? “ತಪ್ಪು ಮಾಡದವನಿಗೆ ಮರೆ ಏಕೆ” ಎಂದು ಉಪದೇಶಿಸುವ ಮಹನೀಯರು ಮೊದಲು ಗುತ್ತಿಗೆದಾರನ ಲೆಕ್ಕದ ಪುಸ್ತಕವನ್ನು ಚೌಕದಲ್ಲಿ ತೆರೆದಿಡಿಸಲಿ. ಆಮೇಲೆ ನಮ್ಮ ಕಡೆ ತಿರುಗಲಿ.

ನಮ್ಮ ತರುಣರ ಫೈಲುಗಳ ವಿಷಯ. ಯೋಚಿಸಿ ನೋಡಿದರೆ ಅವರಿಗೆ ಬೇಕಾದದ್ದು ವಿಪಿಎನ್ನೇ ಅಲ್ಲ. ಎರಡು ಯಂತ್ರಗಳ ನಡುವೆ ಬೀಗ ಹಾಕಿದ ಒಂದು ದಾರಿ, ಅಷ್ಟೇ. ಸಿಂಕ್‌ತಿಂಗ್ ಎಂಬ ಮುಕ್ತ ತಂತ್ರಾಂಶವನ್ನು ಎರಡೂ ಕಡೆ ಹಾಕಿದೆವು. ಅದಕ್ಕೆ ಖಾತೆ ಬೇಡ, ಹೆಸರು ಬೇಡ, ನಡುವೆ ಯಜಮಾನನಿಲ್ಲ. ಎರಡು ಯಂತ್ರಗಳು ನೇರ ಮುಟ್ಟಲಾಗದಿದ್ದರೆ ಸ್ವಯಂಸೇವಕರ ಯಂತ್ರದ ಮೂಲಕ ಹಾಯುತ್ತದೆ, ಆದರೆ ಅವರಿಗೂ ಒಳಗಿರುವುದು ಕಾಣದು. ವಕೀಲರ ಕಚೇರಿಯ ಹುಡುಗಿ ತಮ್ಮ ಯಂತ್ರದ ಉದ್ದನೆಯ ಗುರುತಿನ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಓದಿದರು, ಇವರು ಬರೆದುಕೊಂಡರು. ಎರಡು ಸಲ ತಪ್ಪಿತು. ಮೂರನೆಯ ಸಲ ಸರಿಯಾಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಕೊನೆಯ ಸಂಬಳದ ಚೀಟಿಯೂ ಬೆಂಗಳೂರು ಮುಟ್ಟಿತ್ತು.