ಬಾವುಟ ಹಿಡಿದ ಕೈ ಕೀಲಿಮಣೆಯನ್ನೂ ಮುಟ್ಟಲಿ

ವರ್ಷ ಮುಗಿಯಿತು. ಪೀಣ್ಯದ ನನ್ನ ಪ್ರೆಸ್ಸಿನಲ್ಲಿ ರಾಜ್ಯೋತ್ಸವದ ಕರಪತ್ರಗಳು ರಾಶಿ ರಾಶಿ ಅಚ್ಚಾದವು. ಈಗ ಬಾಕಿ ಪುಸ್ತಕ ತೆಗೆಯೋಣ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಬರೆಯುವವರಿಗೆ ಸಂಬಳವಿಲ್ಲ, ಮೇಲೊಬ್ಬ ಯಜಮಾನನಿಲ್ಲ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು, ನನ್ನಂಥವನು ಅಚ್ಚು ಹಾಕಿ ಮಾರಲೂಬಹುದು. 20 ವರ್ಷ ದಾಟಿದರೂ ನಮ್ಮ ಲೇಖನಗಳು 30 ಸಾವಿರ ಚಿಲ್ಲರೆ. ತಮಿಳರದು 1.5 ಲಕ್ಷ ದಾಟಿದೆ. ನಮಗಿಂತ ಕಡಿಮೆ ಜನರಿರುವ ಮಲಯಾಳಿಗಳದು 80 ಸಾವಿರ ದಾಟಿದೆ! ಇದೂ ದಿಲ್ಲಿಯ ಮಲತಾಯಿ ಧೋರಣೆಯೇ? ಅಲ್ಲ ಸ್ವಾಮಿ, ನಮ್ಮದೇ ಸೋಮಾರಿತನ.

ನಾನೂ ಸಾಚಾ ಅಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ನಾವು ಅಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹಳೇ ಫಾಂಟಿನಲ್ಲಿ ಕೂರಿಸಿದ್ದ ಪುಸ್ತಕವೊಂದನ್ನು ಮೊನ್ನೆ ಬೇರೆ ಕಂಪ್ಯೂಟರಿನಲ್ಲಿ ತೆರೆದೆ. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಕವಿ ಬರೆದದ್ದು ಕವಿಗೇ ಸಿಗದಂತೆ ಬೀಗ ಹಾಕಿದವನು ನಾನೇ. ಕನ್ನಡಿಗರೇ ಮಾಡಿ ಪುಕ್ಕಟೆ ಬಿಟ್ಟ ನವಿಲು, ಗುಬ್ಬಿ ಫಾಂಟುಗಳಿದ್ದವು. ನಾನು ಕಣ್ಣೆತ್ತಿ ನೋಡಿದ್ದು ತಡವಾಗಿ.

ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ತಮ್ಮಂದಿರೇ, ತಂಗಿಯರೇ, ಬೋರ್ಡಿನಲ್ಲಿ ಕನ್ನಡವಿಲ್ಲದಿದ್ದರೆ ಕೆರಳುತ್ತೀರಿ. ಕೆರಳಲೇಬೇಕು. ಆದರೆ ದಿನವಿಡೀ ಕಂಪನಿಗೆ ಕೋಡ್ ಬರೆಯುವ ಕೈ ನಿಮ್ಮೂರಿನ ಕೆರೆಯ ಬಗ್ಗೆ ಒಂದು ಪುಟ ಬರೆದಿದೆಯೇ? ಲೇತ್ ಕೆಲಸದ ಬಗ್ಗೆ ಕನ್ನಡದಲ್ಲಿ ಓದಬೇಕೆಂದು ಪೀಣ್ಯದ ಐ.ಟಿ.ಐ. ಹುಡುಗ ಮೊಬೈಲಿನಲ್ಲಿ ಹುಡುಕಿದರೆ ಏನು ಸಿಗಬೇಕು, ನಮ್ಮ ಘೋಷಣೆಯೇ?

ಭಾನುವಾರ ನನ್ನ ಪ್ರೆಸ್ಸಿಗೆ ರಜೆ. ಎರಡು ಕಂಪ್ಯೂಟರ್ ಖಾಲಿ ಇರುತ್ತವೆ. ಬನ್ನಿ, ಟೀ ನನ್ನದು.