ಸಂಸ್ಕೃತಿ ಕೆಟ್ಟಿತು ಅಂತ ಅಳುವವರು

‘ಸಂಸ್ಕೃತಿ ಹಾಳಾಗೋಯ್ತು’ ಅನ್ನೋ ಗೋಳು ಹಾಸ್ಟೆಲಿನ ನಮಗೆ ಹೊಸದಲ್ಲ. ಹಿಂದೆ ಸಿನಿಮಾ ಹಾಡು, ಆಮೇಲೆ ಟೀವಿ, ಈಗ ಮೊಬೈಲಿನ ರೀಲ್ಸು. ಗೆಳೆಯರೇ, ಈ ಗೋಳು ಯಾವಾಗ ಏಳುತ್ತದೆ ಅಂತ ಸ್ವಲ್ಪ ನೋಡೋಣ.

1866ರಲ್ಲಿ ಲಂಡನ್ನಿನ ಕೂಲಿಕಾರರು ಓಟಿನ ಹಕ್ಕು ಕೇಳಿ ಹೈಡ್ ಪಾರ್ಕಿಗೆ ಹೊರಟರು. ಸರ್ಕಾರ ಗೇಟು ಮುಚ್ಚಿತು. ಜನ ಕಂಬಿಬೇಲಿ ಕಿತ್ತು ಒಳಗೆ ನುಗ್ಗಿದರು. ಮೂರೇ ವರ್ಷಕ್ಕೆ ಮ್ಯಾಥ್ಯೂ ಆರ್ನಾಲ್ಡ್ ಎಂಬ ಪಂಡಿತನ ‘ಕಲ್ಚರ್ ಅಂಡ್ ಅನಾರ್ಕಿ’ ಬಂತು. ಬೇಲಿ ಕಿತ್ತದ್ದು ಅವನಿಗೆ ಅರಾಜಕತೆ, ಅದಕ್ಕೆ ಔಷಧಿ ಸಂಸ್ಕೃತಿ. ಜನರನ್ನು ಓಟಿಲ್ಲದೆ ಇಟ್ಟಿದ್ದಕ್ಕೆ ಅವನು ಆ ಹೆಸರು ಕೊಡಲಿಲ್ಲ. 1930ರಲ್ಲಿ ಸ್ಪೇನಿನ ಒರ್ತೆಗಾ ಇ ಗ್ಯಾಸೆಟ್‌ಗೆ ಹೋಟೆಲು, ರೈಲು, ನಾಟಕಶಾಲೆ ಎಲ್ಲೆಲ್ಲೂ ಜನ ತುಂಬಿಕೊಂಡದ್ದೇ ತಳಮಳ. ಈ ಜನ ಮೊದಲೂ ಇದ್ದರು, ಕಣ್ಣಿಗೆ ಬೀಳದ ಕಡೆ ಇದ್ದರು. ಕೇರಿಯಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಅಡಾರ್ನೊ, ಹಾರ್ಕ್‌ಹೈಮರ್ ಬೇರೆ ಥರ. ಹಿಟ್ಲರನ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಇವರು 1940ರ ದಶಕದಲ್ಲಿ ಹಿಡಿದದ್ದು ಕಂಪನಿಗಳನ್ನು. ಸಿನಿಮಾ, ಹಾಡುಗಳನ್ನೂ ಕಾರಿನಂತೆ ಒಂದೇ ಅಚ್ಚಿನಲ್ಲಿ ತೆಗೆದು ಮಾರುತ್ತಾರೆ, ದಣಿದವನ ಮನರಂಜನೆಯೂ ದುಡಿಮೆಯ ಬಾಲವೇ ಅಂದರು. ಇದನ್ನು ನಾವು ತಳ್ಳಿಹಾಕುವಂತಿಲ್ಲ. ನಮ್ಮ ಅಂಗೈಯಲ್ಲಿ ಓಡುವ ರೀಲ್ಸು ಯಾರ ಜೇಬು ತುಂಬುತ್ತಿದೆ ಅಂತ ಕೇಳಲೇಬೇಕು. ಆದರೆ ಇದೇ ಅಡಾರ್ನೊ 1936ರಲ್ಲಿ ಜಾಝ್ ಬಗ್ಗೆ ಬರೆದು ಅದನ್ನೂ ಮಾರುಕಟ್ಟೆಯ ಸರಕು ಅಂತ ಬದಿಗೆ ಸರಿಸಿದ. ಗುಲಾಮರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಅವರು ಅದರಲ್ಲಿ ಏನು ತೋಡಿಕೊಂಡರು ಅನ್ನೋದು ಅವನ ಕಿವಿಗೆ ಬೀಳಲಿಲ್ಲ. ತಮಟೆಯನ್ನು ಗದ್ದಲ ಅನ್ನುವ ಕಿವಿಗಳು ನಮಗೂ ಗೊತ್ತು.

ನಮಗೆ ಹತ್ತಿರದವನು ರೇಮಂಡ್ ವಿಲಿಯಮ್ಸ್, ವೇಲ್ಸಿನ ರೈಲ್ವೆ ಸಿಗ್ನಲ್‌ಮ್ಯಾನನ ಮಗ. ಸಂಸ್ಕೃತಿ ದಿನನಿತ್ಯದ್ದು, ದುಡಿಯುವವರದೂ ಹೌದು ಅಂತ 1958ರಲ್ಲಿ ವಾದಿಸಿದ. ಜನರನ್ನು ಬರೀ ಗುಂಪು ಅಂತ ಕಾಣೋದು ನೋಡುವವನ ದೋಷ ಅನ್ನೋದು ಅವನ ನಿಲುವು.

ನಮ್ಮಲ್ಲೇನಾಯ್ತು? 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಸಂಸ್ಕೃತಿ ಕಾಯಲು ಎದ್ದವರು ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಿದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು. ಎರಡು ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆ ಹಾಡುಗಳನ್ನು ಪುಸ್ತಕ ಕಾಣದವರೂ ಮೆರವಣಿಗೆಯಲ್ಲಿ ಬಾಯಿಂದ ಬಾಯಿಗೆ ಕಲಿತು ಹಾಡಿದರು. ಯಾವ ಕಂಪನಿಯೂ ಅದನ್ನು ಹಂಚಲಿಲ್ಲ.